ಸ್ಟೀರಿಂಗ್ ಕೈಗೆ ಅಂಟುತ್ತಿದೆ, ಎಷ್ಟು ಒರೆಸಿದರೂ ಮತ್ತೆ ಅದೇ ಕಥೆ

ಕುಡ್ಲದ ಹೊಸ ಡ್ರೈವರ್:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ, 2014ರ ಮಾಡೆಲ್. ಎಂಜಿನ್, ಎಸಿ, ಟಯರ್ ಯಾವುದಕ್ಕೂ ತಕರಾರಿಲ್ಲ. ತಕರಾರು ಇರುವುದು ಸ್ಟೀರಿಂಗ್ ಜೊತೆ. ಮಂಗಳೂರಿನ ಮಧ್ಯಾಹ್ನದ ಸೆಕೆಯಲ್ಲಿ ಕಾರು ಹತ್ತಿ ಕೈ ಇಟ್ಟರೆ ಹಲಸಿನ ಹಣ್ಣು ಬಿಡಿಸಿದ ಹಾಗೆ ಅಂಟಂಟು. ನಾವು ಜಾಸ್ತಿ ಹಿಡಿಯುವ ಎರಡು ಬದಿ ಮಿರಮಿರ ಮಿಂಚುತ್ತದೆ, ಕೆಳಗಿನ ಭಾಗ ಮಾತ್ರ ಮಂಕಾಗಿದೆ. ಮಾರಿದವರು "ಲೆದರ್ ಸ್ಟೀರಿಂಗ್, ಅದಕ್ಕೇ ಶೈನಿಂಗ್" ಅಂದಿದ್ದರು, ನಾನೂ ನಂಬಿದೆ.

ನಮ್ಮಪ್ಪ ಹಲಸಿನ ಅಂಟಿಗೆ ಮಾಡುವ ಮದ್ದನ್ನೇ ಮಾಡಿದರು, ತೆಂಗಿನೆಣ್ಣೆ ಹಚ್ಚಿ ಬನಿಯನ್ ಬಟ್ಟೆಯಲ್ಲಿ ತಿಕ್ಕಿದರು. ಅರ್ಧ ದಿನ ಚೆನ್ನಾಗಿತ್ತು, ಆಮೇಲೆ ಮೊದಲಿಗಿಂತ ಜಾಸ್ತಿ ಆಯಿತು. ನಾನು ಸ್ಯಾನಿಟೈಸರ್ ಹಾಕಿ ಒರೆಸಿದೆ. ಬಟ್ಟೆಗೆ ಮಸಿ ಬಂತು, ಮಾರನೇ ದಿನ ಮತ್ತೆ ಅಂಟು. ಅಕ್ಕ ಹೇಳುವುದು ಸುಮ್ನೆ ಒಂದು ಕವರ್ ಹಾಕಿಬಿಡು ಅಂತ. ಏನು ಮಾಡಲಿ?

ಗೇರ್ ಬಾಕ್ಸ್:
ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ? ಬಟ್ಟೆಗೆ ಸ್ವಲ್ಪ ಪೆಟ್ರೋಲ್ ಇಲ್ಲ ಥಿನ್ನರ್ ಹಾಕಿ ಒರೆಸಿ. ಐದು ನಿಮಿಷದ ಕೆಲಸ.

ಹಳೇ ಗಾಡಿ ಹುಚ್ಚ:
ದಯವಿಟ್ಟು ಮೇಲಿನದನ್ನು ಮಾಡಬೇಡಿ. ಥಿನ್ನರ್ ಕೊಳೆಯ ಜೊತೆ ಸ್ಟೀರಿಂಗಿನ ಬಣ್ಣವನ್ನೂ ಎತ್ತಿಕೊಂಡು ಹೋಗುತ್ತದೆ. ಪೆಟ್ರೋಲಾದರೆ, ಮುಚ್ಚಿದ ಕಾರಿನೊಳಗೆ ಆ ಆವಿ ಇರಬೇಕಾ ಅಂತ ನೀವೇ ಯೋಚಿಸಿ.

ಮೊದಲು ಆ ಶೈನಿಂಗ್ ವಿಷಯ. ಒಳ್ಳೆ ಲೆದರ್ ಸ್ಟೀರಿಂಗ್ ಹೊಸದರಲ್ಲಿ ಮಿಂಚುವುದಿಲ್ಲ, ಮಂಕಾಗಿಯೇ ಇರುತ್ತದೆ. ಷೋರೂಮಿಗೆ ಹೋಗಿ ಒಂದು ಹೊಸ ಕಾರಲ್ಲಿ ಕೂತು ನೋಡಿ, ಗೊತ್ತಾಗುತ್ತದೆ. ನಿಮ್ಮದು ಮಿಂಚುತ್ತಿರುವುದು ಜಿಡ್ಡಿಗೆ. ಕೈಯ ಬೆವರು, ಚರ್ಮದ ಎಣ್ಣೆ, ಸನ್‌ಸ್ಕ್ರೀನ್, ದಾರಿಯಲ್ಲಿ ತಿಂದ ಗೋಳಿಬಜೆ, ಎಲ್ಲ ಸೇರಿ ವರ್ಷಗಟ್ಟಲೆ ಕೂತು ಪಾಲಿಶ್ ಆಗಿರುತ್ತದೆ. ಅಂದರೆ ನಿಮ್ಮ ಕಾರಿನ ಚೆಂದ ಅಂತ ಮಾರಿದ್ದು ಹಳೇ ಓನರಿನ ಬೆವರು 😄 ಮಂಕಾಗಿರುವ ಕೆಳಭಾಗವೇ ಅಸಲಿ.

ತೆಂಗಿನೆಣ್ಣೆ ಹಲಸಿನ ಅಂಟಿಗೆ ಸರಿ, ಅಲ್ಲಿ ಕೊನೆಗೆ ಸೋಪು ಹಾಕಿ ಕೈ ತೊಳೆದುಕೊಳ್ಳುತ್ತೇವೆ ಅಲ್ವಾ. ಇಲ್ಲಿ ಎಣ್ಣೆ ಹಾಗೇ ಉಳಿಯಿತು. ಕಾರಿನ ಲೆದರಿಗೆ ಮೇಲೆ ತೆಳ್ಳಗೆ ಪ್ಲಾಸ್ಟಿಕ್ಕಿನಂಥ ಪದರ ಕೊಟ್ಟಿರುತ್ತಾರೆ, ಹಾಗಾಗಿ ಎಣ್ಣೆ ಒಳಗೆ ಇಳಿಯುವುದಿಲ್ಲ, ಮೇಲೆ ಕೂತು ಧೂಳು ಹಿಡಿಯುತ್ತದೆ. ಸ್ಯಾನಿಟೈಸರಿನ ಆಲ್ಕೋಹಾಲ್ ಆ ಪದರವನ್ನೇ ಮೆತ್ತಗೆ ಮಾಡುತ್ತದೆ. 2020ರಲ್ಲಿ ಎಲ್ಲರೂ ಕೈಗೆ ಸ್ಯಾನಿಟೈಸರ್ ಸುರಿದುಕೊಂಡು ಒಣಗುವ ಮೊದಲೇ ಸ್ಟೀರಿಂಗ್ ಹಿಡಿಯುತ್ತಿದ್ದೆವು, ನನ್ನ ಹಳೇ ಕಾರಿನ ಸ್ಟೀರಿಂಗ್ ಸಿಪ್ಪೆ ಏಳಲು ಶುರುವಾಗಿದ್ದು ಆವಾಗಲೇ.

ಈಗ ಮಾಡಬೇಕಾದ್ದು. ಕಾರನ್ನು ನೆರಳಲ್ಲಿ ನಿಲ್ಲಿಸಿ, ಸ್ಟೀರಿಂಗ್ ತಣ್ಣಗಾಗಲಿ, ಬಿಸಿ ಇದ್ದರೆ ಸೋಪು ನೀರು ಅಲ್ಲೇ ಒಣಗಿ ಕಲೆ ಬೀಳುತ್ತದೆ. ಅರ್ಧ ಮಗ್ ಉಗುರುಬೆಚ್ಚಗಿನ ನೀರಿಗೆ ಎರಡು ಮೂರು ಹನಿ ಬೇಬಿ ಶಾಂಪೂ ಸಾಕು. ಮೈಕ್ರೋಫೈಬರ್ ಬಟ್ಟೆ ಅದ್ದಿ, ಇನ್ನು ನೀರೇ ಬರುವುದಿಲ್ಲ ಅನ್ನುವಷ್ಟು ಹಿಂಡಿ. ಗಡಿಯಾರದ ಹನ್ನೆರಡರಿಂದ ಮೂರು, ಮೂರರಿಂದ ಆರು, ಹೀಗೆ ಕಾಲು ಕಾಲು ಭಾಗ ಒರೆಸುತ್ತಾ ಹೋಗಿ. ಒಂದು ಭಾಗ ಮುಗಿದ ಕೂಡಲೇ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಹೊಲಿಗೆ ಇರುವ ಕಡೆ ಹಳೇ ಮೆತ್ತನೆ ಟೂತ್‌ಬ್ರಷ್ ಹಿಡಿದು ದಾರದ ಉದ್ದಕ್ಕೇ ಮೆಲ್ಲಗೆ ಉಜ್ಜಿ, ಅಡ್ಡ ಉಜ್ಜಿದರೆ ದಾರ ನವೆಯುತ್ತದೆ. ಮಗ್ಗಿನ ನೀರು ಖಡಕ್ ಚಹಾದ ಬಣ್ಣಕ್ಕೆ ಬರುತ್ತದೆ. ಅದನ್ನು ಚೆಲ್ಲಿ ಹೊಸ ನೀರು ಮಾಡಿಕೊಂಡು ಇನ್ನೊಂದು ಸುತ್ತು.

ಹಾರ್ನ್, ವಾಲ್ಯೂಮ್ ಬಟನ್ ಇರುವಲ್ಲಿ ನೇರ ಸ್ಪ್ರೇ ಮಾಡಲೇಬೇಡಿ. ನಡುವೆ ಏರ್‌ಬ್ಯಾಗ್ ಇದೆ, ಒಳಗೆ ವೈರಿಂಗ್ ಇದೆ. ಬಟನ್ ಸಂದಿಗೆ ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸ್ವಲ್ಪವೇ ಒದ್ದೆ ಮಾಡಿ ಬಳಸಿ. ಮತ್ತೆ, ಬಿಳಿ ಮ್ಯಾಜಿಕ್ ಸ್ಪಾಂಜ್ ಅಂತ ಮಾರುತ್ತಾರಲ್ಲ, ಅದು ನೋಡಲು ಮೆತ್ತಗಿದ್ದರೂ ಕೆಲಸ ಮಾಡುವುದು ಉಪ್ಪುಕಾಗದದ ಹಾಗೆ. ಡ್ಯಾಶ್‌ಬೋರ್ಡ್ ಪಾಲಿಶ್ ಅಂತೂ ಸ್ಟೀರಿಂಗ್ ಹತ್ತಿರ ಸುಳಿಯಬಾರದು, ತಿರುವಿನಲ್ಲಿ ಕೈ ಜಾರುತ್ತದೆ.

ಗೇರ್ ಬಾಕ್ಸ್:
ನಾನು ಹತ್ತು ವರ್ಷದಿಂದ ಪೆಟ್ರೋಲಲ್ಲೇ ಒರೆಸುತ್ತಿದ್ದೇನೆ, ಏನೂ ಆಗಿಲ್ಲ.

ಹಳೇ ಗಾಡಿ ಹುಚ್ಚ:
ಒಂದು ಫೋಟೋ ಹಾಕಿ ಸ್ವಾಮಿ, ನೋಡೋಣ.

ಕುಡ್ಲದ ಹೊಸ ಡ್ರೈವರ್:
ಭಾನುವಾರ ಮಾಡಿದೆ, ಮೂರು ಸುತ್ತು. ಮೊದಲ ನೀರು ನಿಜವಾಗಿಯೂ ಚಹಾ, ನೋಡಿ ಹೇಸಿಗೆ ಆಯಿತು. ಎರಡೂ ಬದಿಯ ಮಿಂಚು ಹೋಗಿದೆ, ಅಂಟೂ ಇಲ್ಲ, ಕೈಗೆ ಒರಟೊರಟಾಗಿ ಹಿತವಾಗಿದೆ. ಆದರೆ ಮೇಲ್ಭಾಗ, ಗಾಜಿನ ಕಡೆ ಇರುವ ಜಾಗ, ಇನ್ನೂ ಅಂಟುತ್ತದೆ. ಅಲ್ಲಿ ಬಟ್ಟೆಗೆ ಬರುವುದು ಕಂದು ಬಣ್ಣ ಅಲ್ಲ, ಇಂಕಿನ ಥರ ಕಡುಕಪ್ಪು. ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ನಾಲ್ಕನೇ ಸಲ ಒರೆಸಲಾ?

ಸೀಟ್ ಕವರ್ ಅಂಗಡಿ:
ಬೇಡ, ನಿಲ್ಲಿಸಿ. ನಮ್ಮದು ಇದೇ ಕೆಲಸ, ಹಾಗಾಗಿ ಹೇಳುತ್ತೇನೆ. ಕಂದು ಬಂದರೆ ಕೊಳೆ, ಕಪ್ಪು ಸ್ಟೀರಿಂಗಿನಿಂದ ಕಡುಕಪ್ಪೇ ಬರುತ್ತಾ ಇದ್ದರೆ ಅದು ಸ್ಟೀರಿಂಗಿನದೇ ಬಣ್ಣ. ಉಗುರಿನ ಗುರುತು ಉಳಿಯುತ್ತದೆ ಅಂದರಲ್ಲ, ಅಲ್ಲಿಗೆ ಅದು ಅಸಲಿ ಲೆದರ್ ಅಲ್ಲ ಅನ್ನುವ ಅನುಮಾನ ನನಗೆ. ಹೊಲಿಗೆ ಇದ್ದ ಮಾತ್ರಕ್ಕೆ ಲೆದರ್ ಆಗುವುದಿಲ್ಲ, ರೆಕ್ಸಿನ್ನಿಗೂ ಹೊಲಿಗೆ ಹಾಕುತ್ತಾರೆ.

ಪಾಲಿಯುರೆಥೇನ್ ಅಂತ ಒಂದು ವಸ್ತು, ಇಂಥ ಕೆಲವು ನಕಲಿ ಲೆದರ್, ಚಪ್ಪಲಿ ಅಡಿ, ಬ್ಯಾಗು ಎಲ್ಲದರಲ್ಲೂ ಇರುತ್ತದೆ. ಗಾಳಿಯ ತೇವ ಮತ್ತು ಬಿಸಿ ಸೇರಿದರೆ ಅದು ವರ್ಷ ಕಳೆದ ಹಾಗೆ ಒಳಗಿಂದಲೇ ಒಡೆದು ಅಂಟಾಗುತ್ತದೆ. ಕಪಾಟಿನಲ್ಲಿಟ್ಟ ಬೂಟಿನ ಅಡಿ ಮಳೆಗಾಲ ಮುಗಿದ ಮೇಲೆ ಪುಡಿಪುಡಿ ಆಗಿರುತ್ತದಲ್ಲ, ಅದೇ ಕಥೆ. ನಿಮ್ಮ ಕರಾವಳಿಯಲ್ಲಿ ತೇವಕ್ಕೂ ಬರ ಇಲ್ಲ, ಬಿಸಿಲಿಗೂ ಬರ ಇಲ್ಲ. ಮೇಲ್ಭಾಗಕ್ಕೆ ಗಾಜಿನಿಂದ ನೇರ ಬಿಸಿಲು ಬೀಳುವುದರಿಂದ ಅದು ಮೊದಲು ಹೋಗುತ್ತದೆ. ಅದನ್ನು ತೊಳೆದು ಸರಿ ಮಾಡಲು ಆಗುವುದಿಲ್ಲ, ತೊಳೆದಷ್ಟೂ ಹೊಸ ಅಂಟು ಮೇಲೆ ಬರುತ್ತದೆ.

ನಿಮ್ಮ ಅಕ್ಕ ಹೇಳಿದ ರೆಡಿಮೇಡ್ ಕವರ್ ಬೇಡ. ಅಂಟಿನ ಮೇಲೆ ಮೊದಲು ಕೂತ ಹಾಗೆ ಕಾಣುತ್ತದೆ, ಆಮೇಲೆ ಒಳಗಿನ ಅಂಟು ಕರಗಿ ಕವರ್ ಒಂದು ಕಡೆ, ಸ್ಟೀರಿಂಗ್ ಒಂದು ಕಡೆ ತಿರುಗುತ್ತದೆ. ಘಾಟಿ ತಿರುವಿನಲ್ಲಿ ಹಾಗಾದರೆ ಗೊತ್ತಲ್ಲ. ಸೂಜಿ ದಾರ ಹಾಕಿ ಸ್ಟೀರಿಂಗ್ ಮೇಲೇ ಬಿಗಿಯಾಗಿ ಹೊಲಿಸಿ. ಹೊಲಿಯುವ ಮೊದಲು ಕೆಟ್ಟ ಪದರ ಕೆರೆದು ತೆಗೆಯಲು ಹೇಳಿ, ಅದನ್ನು ಕೇಳದಿದ್ದರೆ ಕೆಲವರು ಮೇಲೇ ಹೊಲಿದು ಕಳಿಸುತ್ತಾರೆ. ಬೆಂಗಳೂರಾದರೆ ಜೆ.ಸಿ. ರಸ್ತೆ ಅನ್ನುತ್ತಿದ್ದೆ, ನಿಮ್ಮ ಊರಲ್ಲೂ ಸೀಟ್ ಹೊಲಿಯುವವರ ಹತ್ತಿರ ಕೇಳಿ. ಹೊಲಿಸುವುದು ಸ್ಟೀರಿಂಗಿನ ರಿಮ್ಮಿಗೆ, ಅಂದರೆ ಕೈಯಲ್ಲಿ ಹಿಡಿಯುವ ಸುತ್ತಿಗೆ ಮಾತ್ರ. ನಡುವಿನ ಏರ್‌ಬ್ಯಾಗ್ ಮುಚ್ಚಳಕ್ಕೆ ಏನೂ ಅಂಟಿಸಬಾರದು, "ಬಿಚ್ಚಿ ಮಾಡುತ್ತೇವೆ" ಅಂದರೆ ಏರ್‌ಬ್ಯಾಗ್ ಕೆಲಸ ಗೊತ್ತಿರುವವರು ಇಲ್ಲದೆ ಬಿಚ್ಚಲು ಬಿಡಬೇಡಿ.

ಕುಡ್ಲದ ಹೊಸ ಡ್ರೈವರ್:
ಇಬ್ಬರಿಗೂ ಥ್ಯಾಂಕ್ಸ್. ಈ ವಾರ ಹೊಲಿಸುತ್ತೇನೆ, ಅಲ್ಲಿವರೆಗೆ ನಿಲ್ಲಿಸುವಾಗ ಗಾಜಿಗೆ ಸನ್‌ಶೇಡ್. ಅಪ್ಪನಿಗೆ ಓದಿ ಹೇಳಿದೆ. "ಹಾಗಾದರೆ ಗೇರ್ ನಾಬಿಗೆ ಎಣ್ಣೆ ಹಚ್ಚಬಹುದಾ" ಅಂತ ಕೇಳುತ್ತಿದ್ದಾರೆ.