ಕಾಪಿ ಮಾಡಿದ ಚಿತ್ರ ತಾನಾಗೇ ಸೇವ್ ಆಗಬೇಕು, ನೀವೇನು ಬಳಸುತ್ತೀರಿ?

ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಸ್ಲೈಡಿಗೆ ಬೇಕಾದ ಚಿತ್ರಗಳನ್ನು ಪಿಡಿಎಫ್‌ನಿಂದ ಕಾಪಿ ಮಾಡಿ, ಪೇಂಟ್ ತೆರೆದು ಪೇಸ್ಟ್ ಮಾಡಿ, ಹೆಸರು ಕೊಟ್ಟು ಸೇವ್ ಮಾಡುತ್ತೇನೆ. ಮೂವತ್ತು ಚಿತ್ರ ಆಗುವಷ್ಟರಲ್ಲಿ ಕೈ ಸೋಲುತ್ತದೆ. ಕಾಪಿ ಮಾಡಿದ ಕೂಡಲೇ ಫೋಲ್ಡರಿಗೆ ಹೋಗಿ ಕೂರುವಂಥ ಕಮಾಂಡ್ ಲೈನ್ ಟೂಲ್ (ಆದೇಶ ಟೈಪ್ ಮಾಡಿ ನಡೆಸುವಂಥದ್ದು) ಯಾರಾದರೂ ಬಳಸಿದ್ದೀರಾ? ಮನೆಯಲ್ಲಿ ಉಬುಂಟು 24.04, ಕಾಲೇಜಲ್ಲಿ ವಿಂಡೋಸ್.

ಶಿರಸಿಯಿಂದ:
ಮೇಡಂ, ಉಬುಂಟುವಿನದು ನಾನು ಹೇಳುತ್ತೇನೆ. ಲಾಗಿನ್ ಆಗುವಾಗ ಕೆಳಗೆ ಕಾಣುವ ಗೇರ್ ಚಿಹ್ನೆ ಒತ್ತಿ 'ಉಬುಂಟು ಆನ್ ಎಕ್ಸ್‌ಆರ್ಗ್' ಆರಿಸಿಕೊಳ್ಳಿ. ಎಕ್ಸ್‌ಆರ್ಗ್ ಅಂದರೆ ಪರದೆ ತೋರಿಸುವ ಹಳೆಯ ವ್ಯವಸ್ಥೆ, ನಾನು ಹೇಳುವ ಟೂಲುಗಳು ಅದಕ್ಕೆಂದೇ ಇರುವಂಥವು. ಆಮೇಲೆ ಕ್ಲಿಪ್‌ಬೋರ್ಡನ್ನು (ಕಾಪಿ ಮಾಡಿದ್ದು ತಾತ್ಕಾಲಿಕವಾಗಿ ಕೂರುವ ಜಾಗ) ಓದುವ ಎಕ್ಸ್‌ಕ್ಲಿಪ್ ಅನ್ನುವ ಟೂಲ್ ಹಾಕಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕ್ಲಿಪ್‌ಬೋರ್ಡಿನಲ್ಲಿ ಏನೇನಿದೆ ಅಂತ ಅದನ್ನೇ ಕೇಳಬಹುದು. 'ಟಾರ್ಗೆಟ್ಸ್' ಅಂದರೆ ಪಟ್ಟಿ ಕೊಡುತ್ತದೆ. ಅದರಲ್ಲಿ 'ಇಮೇಜ್/ಪಿಎನ್‌ಜಿ' (ಅಂದರೆ ಚಿತ್ರ) ಇದ್ದರೆ ಮಾತ್ರ ಫೈಲಿಗೆ ಬರೆಯುವಂತೆ ಸ್ಕ್ರಿಪ್ಟ್ (ಆದೇಶಗಳನ್ನು ಸಾಲಾಗಿ ಬರೆದ ಫೈಲ್) ಮಾಡಿ. ನಾನು ಆ ಪರೀಕ್ಷೆ ಹಾಕಿರಲಿಲ್ಲ. ಬರೀ ಅಕ್ಷರ ಕಾಪಿ ಮಾಡಿದಾಗಲೂ ಸೊನ್ನೆ ಬೈಟಿನ ಫೈಲುಗಳು ಬಂದು ಬಿದ್ದವು.

ನಿಜವಾದ ತಲೆನೋವು ಹೊಸ ಚಿತ್ರ ಬಂತು ಅಂತ ತಿಳಿಯುವುದು. ಮೊದಲು ಎರಡು ಸೆಕೆಂಡಿಗೊಮ್ಮೆ ನೋಡುವ ಲೂಪ್ ಬರೆದೆ. ಊಟ ಮಾಡಿ ಬರುವಷ್ಟರಲ್ಲಿ ಒಂದೇ ಚಿತ್ರ ನೂರಾರು ಸಲ ಸೇವ್ ಆಗಿತ್ತು! ಈಗ ಕ್ಲಿಪ್‌ನೋಟಿಫೈ ಅನ್ನುವ ಸಣ್ಣ ಟೂಲ್ ಇಟ್ಟುಕೊಂಡಿದ್ದೇನೆ. ಅದು ಸುಮ್ನೆ ಕಾಯುತ್ತದೆ, ಕ್ಲಿಪ್‌ಬೋರ್ಡ್ ಬದಲಾದಾಗ ಮುಗಿದು ಮುಂದಿನ ಸಾಲಿಗೆ ದಾರಿ ಬಿಡುತ್ತದೆ. ಆದರೆ ಮೌಸಿನಲ್ಲಿ ಒಂದು ಪದ ಸೆಲೆಕ್ಟ್ ಮಾಡಿದರೂ ಎಚ್ಚರಾಗುತ್ತದೆ. ಅದಕ್ಕೇ ಪ್ರತಿ ಚಿತ್ರದ ಶಾ256 ಮೊತ್ತ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಸಂಕೇತ) ತೆಗೆದು ಹಿಂದಿನದರ ಜೊತೆ ಹೋಲಿಸುತ್ತೇನೆ. ಒಂದೇ ಆಗಿದ್ದರೆ ಬಿಟ್ಟುಬಿಡುತ್ತದೆ. ಇದಾದ ಮೇಲೆ ಒಂದು ದಿನವೂ ತೊಂದರೆ ಬಂದಿಲ್ಲ.

ವೇಲ್ಯಾಂಡ್‌ನಲ್ಲೇ (ಎಕ್ಸ್‌ಆರ್ಗ್ ಬದಲು ಬಂದ ಹೊಸ ಪರದೆ ವ್ಯವಸ್ಥೆ) ಇರುತ್ತೇನೆ ಅನ್ನುವವರಿಗೆ ಡಬ್ಲ್ಯೂಎಲ್-ಪೇಸ್ಟ್ ಇದೆ. ಬದಲಾವಣೆಗೆ ಕಾಯುವ ಅದರ 'ವಾಚ್' ಆಯ್ಕೆ ಸ್ವೇ ಅನ್ನುವ ಡೆಸ್ಕ್‌ಟಾಪಿನಲ್ಲಿ ಚೆನ್ನಾಗಿ ನಡೆಯಿತು, ಉಬುಂಟುವಿನ ಮಾಮೂಲಿ ಡೆಸ್ಕ್‌ಟಾಪ್ ಗ್ನೋಮ್‌ನಲ್ಲಿ ನನಗೆ ನಡೆಯಲಿಲ್ಲ.

ಮೈಸೂರಿನಿಂದ:
ವಿಂಡೋಸಿಗೆ ಬೇರೇನೂ ಹಾಕಬೇಡಿ. ಜೊತೆಗೇ ಬರುವ ಕಮಾಂಡ್ ಲೈನ್ ಆದ ಪವರ್‌ಶೆಲ್ 5.1ರಲ್ಲಿ 'ಗೆಟ್-ಕ್ಲಿಪ್‌ಬೋರ್ಡ್'ಗೆ 'ಫಾರ್ಮ್ಯಾಟ್ ಇಮೇಜ್' ಅಂತ ಕೊಟ್ಟರೆ ಚಿತ್ರ ಕೈಗೆ ಸಿಗುತ್ತದೆ. ಪವರ್‌ಶೆಲ್ 7ರಲ್ಲಿ ಆ ಆಯ್ಕೆಯೇ ಇಲ್ಲ, ಅದು ಗೊತ್ತಾಗದೆ ನನ್ನ ಒಂದು ಸಂಜೆ ಹೋಯಿತು. ಫೈಲಿನ ಹೆಸರಿಗೆ ದಿನಾಂಕ, ಗಂಟೆ ಹಾಕುವಾಗ ನಡುವೆ ಕೋಲನ್ ಬೇಡ, ವಿಂಡೋಸ್ ಒಪ್ಪುವುದಿಲ್ಲ.

ಮಂಗಳೂರಿನಿಂದ:
ಮ್ಯಾಕ್ ಇರುವವರೂ ಓದುತ್ತಿರಬಹುದು ಅಂತ ಹೇಳುತ್ತಿದ್ದೇನೆ. ಕ್ಲಿಪ್‌ಬೋರ್ಡ್ ಓದಲು ಜೊತೆಗೆ ಬರುವ ಪಿಬಿಪೇಸ್ಟ್ ಚಿತ್ರ ಕೊಡುವುದಿಲ್ಲ. ಹೋಮ್‌ಬ್ರೂನಿಂದ (ಮ್ಯಾಕಿಗೆ ಇಂಥ ಟೂಲ್ ಹಾಕಿಕೊಡುವ ತಂತ್ರಾಂಶ) ಪಿಎನ್‌ಜಿಪೇಸ್ಟ್ ಹಾಕಿಕೊಳ್ಳಿ, ಅದು ಚಿತ್ರ ಕೊಡುತ್ತದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ನನ್ನ ಸ್ಕ್ರಿಪ್ಟ್ ಕಂಪ್ಯೂಟರ್ ಆನ್ ಆದಾಗಿನಿಂದ ಓಡುತ್ತಲೇ ಇತ್ತು. ಒಂದು ದಿನ ಅಮ್ಮನ ಆಧಾರ್ ಕಾರ್ಡಿನ ಸ್ಕ್ರೀನ್‌ಶಾಟ್ ತೆಗೆದಿದ್ದೆ. ಅದೂ ಸೇವ್ ಆಗಿ, ಸಹೋದ್ಯೋಗಿಗಳ ಜೊತೆ ಹಂಚಿಕೊಂಡಿದ್ದ ಫೋಲ್ಡರಿಗೆ ಹೋಗಿ ಕೂತಿತ್ತು. ನೋಡಿದಾಗ ಎದೆ ಧಸಕ್ ಅಂದಿತು. ಈಗ ಬೇಕಾದಾಗ ಶುರು ಮಾಡಿ, ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿ ನಿಲ್ಲಿಸುತ್ತೇನೆ. ಹಂಚಿಕೊಂಡ ಫೋಲ್ಡರನ್ನು ಅದರ ಹತ್ತಿರ ಬಿಡುವುದಿಲ್ಲ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಎಕ್ಸ್‌ಕ್ಲಿಪ್, ಕ್ಲಿಪ್‌ನೋಟಿಫೈ ಎರಡೂ ಕೂಡಿಸಿದೆ. ನಲವತ್ತೊಂದು ಚಿತ್ರ, ಪೇಂಟ್ ಇಲ್ಲದೆ! ಆದರೆ ನೆಫ್ರಾನ್ ಚಿತ್ರ ಪ್ರೊಜೆಕ್ಟರಿನಲ್ಲಿ ಮಸುಕಾಗಿದೆ, ಹೆಸರುಗಳು ಓದಲಿಕ್ಕೇ ಆಗುತ್ತಿಲ್ಲ. ಯಾಕೆ?

ಶಿರಸಿಯಿಂದ:
ಪಿಡಿಎಫ್‌ನಲ್ಲಿ ಚೌಕ ಎಳೆದು ಕಾಪಿ ಮಾಡಿದ್ದೀರಿ ಅಲ್ವಾ? ಆಗ ಪರದೆಯ ಮೇಲೆ ಕಂಡಷ್ಟೇ ಬರುತ್ತದೆ. ಜೂಮ್ ಜಾಸ್ತಿ ಮಾಡಿ ಕಾಪಿ ಮಾಡಿ ನೋಡಿ. ಅದು ಫೋಟೋ ಆಗಿದ್ದರೆ 'ಪಿಡಿಎಫ್‌ಇಮೇಜಸ್' ಅನ್ನುವ ಟೂಲ್ ಪಿಡಿಎಫ್ ಒಳಗಿನ ಮೂಲ ಚಿತ್ರವನ್ನೇ ತೆಗೆದುಕೊಡುತ್ತದೆ. ಗೆರೆಚಿತ್ರ ಆಗಿದ್ದರೆ 'ಪಿಡಿಎಫ್‌ಟುಪಿಪಿಎಂ'ಗೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಕೊಟ್ಟು ಆ ಪುಟವನ್ನೇ ಚಿತ್ರ ಮಾಡಿಕೊಳ್ಳಿ. ಎರಡೂ ಪಾಪ್ಲರ್-ಯುಟಿಲ್ಸ್ ಪ್ಯಾಕೇಜಿನಲ್ಲಿವೆ.