ಅಮ್ಮನ ಇಂಪ್ಲಾಂಟ್ ತೆಗೆಸಬೇಕಂತೆ: ಮೂಳೆ ಕೊರೆಯದೆ ಆಗುತ್ತಾ?

ಶಿವಮೊಗ್ಗದವಳು:
ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 64 ವರ್ಷ. ಕೆಳಗಿನ ಎಡ ದವಡೆ ಹಲ್ಲಿನ ಜಾಗಕ್ಕೆ 2017ರಲ್ಲಿ ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಥರ ಕೂರಿಸಿ, ಮೇಲೆ ಹಲ್ಲಿನ ಕ್ಯಾಪ್ ಹಾಕುವ ಕೃತಕ ಬೇರು) ಹಾಕಿಸಿದ್ದೆವು. ಈಗ ಒಸಡು ಒತ್ತಿದರೆ ಕೀವು ಬರುತ್ತೆ, ಅಗಿಯುವಾಗ ಕ್ಯಾಪ್ ಅಲ್ಲಾಡುತ್ತೆ. ಸುತ್ತಲಿನ ಮೂಳೆ ಅರ್ಧಕ್ಕಿಂತ ಹೆಚ್ಚು ಕರಗಿದೆ, ಕ್ಯಾಪನ್ನು ಹಿಡಿದಿಡುವ ಒಳಗಿನ ಸಣ್ಣ ಸ್ಕ್ರೂ ತುಂಡಾಗಿದೆ, ಆದರೂ ಇಂಪ್ಲಾಂಟ್‌ನ ಬುಡ ಗಟ್ಟಿಯಾಗಿ ಕೂತಿದೆ ಅಂತ ಡಾಕ್ಟರು ಎಕ್ಸ್‌ರೇ ತೋರಿಸಿ ಹೇಳಿದರು. ಸುತ್ತ ಮೂಳೆ ಕೊರೆದು ತೆಗೀಬೇಕಂತೆ. ಅದನ್ನು ಕೇಳಿದಾಗಿನಿಂದ ಅಮ್ಮ ಸರಿಯಾಗಿ ಊಟ ಮಾಡ್ತಿಲ್ಲ. ತುಟಿ ಮರಗಟ್ಟಿ ಹಾಗೇ ಉಳಿದುಬಿಟ್ಟರೆ ಅನ್ನೋ ಭಯ. ಮೂಳೆಗೆ ಕಡಿಮೆ ಪೆಟ್ಟಾಗುವ ಬೇರೆ ದಾರಿ ಇದೆಯಾ? ತಿಳಿದವರು ದಯವಿಟ್ಟು ಹೇಳಿ.

ಹುಬ್ಬಳ್ಳಿಯಾಂವ:
ಅಕ್ಕಾರ, ಅವ್ವಗ ಧೈರ್ಯ ಹೇಳ್ರಿ. ನಂದು ಮ್ಯಾಲಿನ ದವಡಿದು. ಹಾಕಿದ ಮ್ಯಾಲೆ ಮೂಳೆಗೆ ಹತ್ತಲೇ ಇಲ್ಲ, ಇಂಪ್ಲಾಂಟೇ ಅಲ್ಲಾಡಾಕ ಹತ್ತಿತ್ತು. ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಪಾನಾ ಹಾಕಿ ಹಿಂದಕ್ಕ ತಿರುವಿ ತಗದ್ರು. ಹೊಲಿಗಿ ಸುದ್ದಾ ಬೇಕಾಗಲಿಲ್ಲ. ನಿಮ್ಮ ಅವ್ವಂದು ಗಟ್ಟಿ ಕುಂತೈತಿ ಅಂದ್ರ ಅಷ್ಟು ಹಗುರ ಆಗಲಿಕ್ಕಿಲ್ಲ, ಆದ್ರೂ ಇನ್ನೊಬ್ಬ ಸರ್ಜನ್ನರಿಗೆ ತೋರಿಸ್ರಿ.

ಮೈಸೂರಿನ ಹಲ್ಲಿನ ಡಾಕ್ಟರ್:
ಮೇಡಂ, ನಾನು ದವಡೆ ಶಸ್ತ್ರಚಿಕಿತ್ಸೆ ಮಾಡುವವನು. ಬಾಯಿ ನೋಡದೆ ತೀರ್ಪು ಕೊಡಲಾರೆ, ಆದರೆ ನಿಮ್ಮ ಡಾಕ್ಟರನ್ನು ಏನು ಕೇಳಬೇಕು ಅಂತ ಹೇಳಬಲ್ಲೆ.

ಮೊದಲು, ಅಲ್ಲಾಡುತ್ತಿರುವುದು ಕ್ಯಾಪೋ ಇಂಪ್ಲಾಂಟೋ? ಸ್ಕ್ರೂ ತುಂಡಾದರೆ ಕ್ಯಾಪ್ ಸಡಿಲವಾಗುತ್ತೆ, ಅಷ್ಟರಿಂದಲೇ ಇಂಪ್ಲಾಂಟ್ ಕೆಟ್ಟಿದೆ ಅನ್ನುವಂತಿಲ್ಲ. ಮೂಳೆ ಸ್ವಲ್ಪವೇ ಕರಗಿದ್ದರೆ ಒಸಡು ಬಿಡಿಸಿ ಶುಚಿ ಮಾಡಿ ಉಳಿಸಿಕೊಳ್ಳಬಹುದು. ನಿಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ಕೀವೂ ಇದೆ, ಹಾಗಾಗಿ ತೆಗೆಯುವ ಮಾತು ಸರಿಯೇ.

ಇನ್ನು ತೆಗೆಯುವ ಬಗೆ. ಇಂಪ್ಲಾಂಟಿನ ಟೈಟಾನಿಯಂ ಲೋಹ ಮೂಳೆಯ ಜೊತೆ ನೇರವಾಗಿ ಬೆಸೆದುಕೊಳ್ಳುತ್ತೆ. ಹಲ್ಲಿಗಿರುವಂತೆ ನಡುವೆ ಮೆತ್ತನೆಯ ನಾರಿನ ಪದರ ಇರುವುದಿಲ್ಲ. ಅದಕ್ಕೇ ಇಕ್ಕಳ ಹಿಡಿದು ಅಲ್ಲಾಡಿಸಿ ಕೀಳಲು ಹೋಗಬಾರದು, ಮೂಳೆಯ ಗೋಡೆಯೇ ಒಡೆದು ಬರುತ್ತೆ. ಮೊದಲು ಮಾಡಬೇಕಾದ್ದು ಉಲ್ಟಾ ತಿರುಗಿಸುವ ಪ್ರಯತ್ನ. ಇಂಪ್ಲಾಂಟ್‌ನ ಒಳಗಿನ ಷಟ್ಕೋನದ ಗುಳಿಗೆ ಒಂದೇ ದಿಕ್ಕಿಗೆ ತಿರುಗಿಸುವ ಪಾನಾ, ಅಂದರೆ ರ‍್ಯಾಚೆಟ್ ಕೂರಿಸಿ ಗಡಿಯಾರದ ವಿರುದ್ಧ ದಿಕ್ಕಿಗೆ ನಿಧಾನವಾಗಿ ಒತ್ತಡ ಕೊಡುತ್ತೇವೆ. ಹಾಕುವಾಗ ಸಾಮಾನ್ಯವಾಗಿ 35 ನ್ಯೂಟನ್ ಸೆಂಟಿಮೀಟರ್ (ತಿರುಗಿಸುವ ಬಲದ ಅಳತೆ) ಆಸುಪಾಸಿನ ಬಿಗಿ ಇರುತ್ತೆ, ಬೆಸೆದುಕೊಂಡದ್ದನ್ನು ಬಿಡಿಸಲು ಅದರ ಹಲವು ಪಟ್ಟು ಬೇಕಾಗಬಹುದು. ಬೆಸುಗೆ ಬಿಟ್ಟ ಮೇಲೆ ಸಾಮಾನ್ಯ ಸ್ಕ್ರೂ ಥರವೇ ಹೊರಗೆ ಬರುತ್ತೆ.

ಅಮ್ಮನ ಇಂಪ್ಲಾಂಟ್‌ನಲ್ಲಿ ಸ್ಕ್ರೂ ತುಂಡು ಒಳಗೆ ಸಿಕ್ಕಿರುವುದರಿಂದ ರ‍್ಯಾಚೆಟ್ ಕೂರದೇ ಇರಬಹುದು. ಆ ತುಂಡನ್ನು ಮೊದಲು ತೆಗೆಯಲು ನೋಡಬೇಕು. ಒಳಗಿನ ಮೂಲೆಗಳು ಸವೆದಿದ್ದರೆ ಉಲ್ಟಾ ಸುತ್ತಿನ ರಿಮೂವರ್ ಸ್ಕ್ರೂ ಬರುತ್ತೆ: ಅದನ್ನು ಎಡಕ್ಕೆ ತಿರುಗಿಸಿದಷ್ಟೂ ಇಂಪ್ಲಾಂಟನ್ನು ಕಚ್ಚಿ ಹಿಡಿಯುತ್ತೆ, ಆಮೇಲೆ ಅದರ ಜೊತೆಗೇ ಇಂಪ್ಲಾಂಟೂ ತಿರುಗುತ್ತೆ. ಎಲ್ಲ ಕ್ಲಿನಿಕ್‌ನಲ್ಲೂ ಈ ಕಿಟ್ ಇರುವುದಿಲ್ಲ. ಫೋನ್ ಮಾಡಿಯೇ ಕೇಳಿ. ಕಂಪನಿ ಮತ್ತು ಅಳತೆ ತಿಳಿಯದೆ ಸರಿಯಾದ ಡ್ರೈವರ್ ತರಿಸಲಾಗದು, 2017ರ ಕಾರ್ಡ್ ಅಥವಾ ಸ್ಟಿಕ್ಕರ್ ಹುಡುಕಿ.

ಕೊರೆಯುವ ಟ್ರಿಫೈನ್ ಟೊಳ್ಳು ಕೊಳವೆಯಂಥ ಬರ್, ಅಂದರೆ ಡ್ರಿಲ್ಲಿನ ಮೊನೆ. ಇಂಪ್ಲಾಂಟ್‌ಗಿಂತ ಅಗಲ ಇರಲೇಬೇಕು, ಅಂದರೆ ಸುತ್ತಲೂ ಒಳ್ಳೆಯ ಮೂಳೆ ಹೋಗುತ್ತೆ. ಕೆಳದವಡೆಯಲ್ಲಿ ತುಟಿ, ಗದ್ದದ ಸ್ಪರ್ಶದ ನರ ಕೆಳಗೇ ಹಾದುಹೋಗುತ್ತೆ, ಆದ್ದರಿಂದ ಅಮ್ಮನ ಭಯ ಸುಳ್ಳಲ್ಲ. ಬಿಸಿಯ ಅಪಾಯವೂ ಇದೆ: ಮೂಳೆ 47 ಡಿಗ್ರಿಯಲ್ಲಿ ಒಂದು ನಿಮಿಷ ಇದ್ದರೆ ಸಾಕು, ಕೆಡುತ್ತೆ ಅಂತ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ ಎಂಬ ಸಂಶೋಧಕರು 1983ರಲ್ಲೇ ಮೊಲಗಳಲ್ಲಿ ತೋರಿಸಿದ್ದಾರೆ. ಅದಕ್ಕೇ ಉದ್ದಕ್ಕೂ ತಣ್ಣನೆಯ ಸಲೈನ್ ಹರಿಸುತ್ತೇವೆ. ಇಂಪ್ಲಾಂಟ್ ತಿರುಗದೇ ಹಟ ಹಿಡಿದರೆ ಮೇಲಿನ ಕೆಲವೇ ಮಿಲಿಮೀಟರ್ ಕೊರೆದು, ಮತ್ತೆ ರ‍್ಯಾಚೆಟ್ ಹಾಕಿ ನೋಡಬಹುದು. ಬುಡದವರೆಗೆ ಕೊರೆಯುವುದು ಕೊನೆಯ ಮಾತು. ನರ ಎಷ್ಟು ದೂರ ಇದೆ ಅಂತ ತಿಳಿಯಲು ಸಿಬಿಸಿಟಿ ಸ್ಕ್ಯಾನ್ (ದವಡೆಯ 3ಡಿ ಎಕ್ಸ್‌ರೇ) ಆಗಲೇಬೇಕು; ಸಣ್ಣ ಎಕ್ಸ್‌ರೇ ಸಾಲದು.

ನನಗೆ ಇದರಲ್ಲಿ ಇಷ್ಟೊಂದು ಆಸಕ್ತಿ ಯಾಕೆಂದರೆ, ಮುಂದೆ ಏನು ಮಾಡುವುದಾದರೂ ಉಳಿದ ಮೂಳೆಯ ಮೇಲೇ ನಿಂತಿದೆ. ಕೊರೆದು ದೊಡ್ಡ ಗುಳಿ ಮಾಡಿದರೆ ಬೋನ್ ಗ್ರಾಫ್ಟ್ (ಗುಳಿಗೆ ಮೂಳೆ ತುಂಬಿಸುವುದು), ತಿಂಗಳುಗಟ್ಟಲೆ ಕಾಯುವುದು, ಖರ್ಚು, ಎಲ್ಲವೂ ಅಮ್ಮನ ಪಾಲಿಗೇ ಬರುತ್ತೆ. ಅವರಿಗೆ ಶುಗರ್ ಇದೆಯೇ? ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ?

ಶಿವಮೊಗ್ಗದವಳು:
ಡಾಕ್ಟರೇ, ತುಂಬಾ ಉಪಕಾರವಾಯ್ತು. ಕಾರ್ಡ್ ಸಿಕ್ಕಿತು, ಕಂಪನಿ, ಅಳತೆ ಎರಡೂ ಬರೆದಿದೆ. ಶುಗರ್ ಇಲ್ಲ. ಆದರೆ ಮೂಳೆ ಸವೆತಕ್ಕೆ ಅಂತ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಕೆಲವು ವರ್ಷದಿಂದ ನುಂಗ್ತಾರೆ. ಹಲ್ಲಿನ ಡಾಕ್ಟರಿಗೆ ಹೇಳಿರಲಿಲ್ಲ, ಅವರೂ ಕೇಳಲಿಲ್ಲ.

ಮೈಸೂರಿನ ಹಲ್ಲಿನ ಡಾಕ್ಟರ್:
ಮೇಡಂ, ನಾಳೆಯೇ ಫೋನ್ ಮಾಡಿ ಅವರಿಗೆ ತಿಳಿಸಿ. ಈ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ ದವಡೆಯ ಗಾಯ ಮಾಯದೆ ಮೂಳೆ ತೆರೆದುಕೊಂಡು ಉಳಿಯುತ್ತೆ. ವರ್ಷ ಹೆಚ್ಚಾದಂತೆ ಅಪಾಯವೂ ಏರುತ್ತೆ, ಜೊತೆಗೆ ಸ್ಟಿರಾಯ್ಡ್ ಇದ್ದರೆ ಇನ್ನಷ್ಟು. ಮೂಳೆಗೆ ಪೆಟ್ಟು ಕಡಿಮೆ ಆದಷ್ಟೂ ಅವರಿಗೆ ಒಳ್ಳೆಯದು ಅನ್ನಲು ಇದೂ ಒಂದು ಕಾರಣ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರೂ ಸರ್ಜನ್ನರೂ ಮಾತಾಡಿಕೊಂಡು ನಿರ್ಧರಿಸಲಿ. ಕೀವು ಇರುವುದರಿಂದ ಸುಮ್ಮನೆ ಮುಂದೂಡುತ್ತಲೂ ಹೋಗಬೇಡಿ. ಜ್ವರ ಬಂದರೆ, ಕೆನ್ನೆ ಊದಿದರೆ, ನುಂಗಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.