ಪದಚರ್ಚೆ: ಚೈನ್ ಸಾ ಹಲ್ಲಿಗೆ ಅರ ಉಜ್ಜೋದಾ, ಹಾಕೋದಾ?

ಎಲ್ಲರಿಗೂ ನಮಸ್ಕಾರ.

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಮಾವಿನ ಫಸಲು ಮುಗಿದ ಮೇಲೆ ಇಲ್ಲಿ ಕೊಂಬೆ ಸವರುವ ಕೆಲಸ ಶುರುವಾಗುತ್ತದೆ. ನಮ್ಮ ಭಾವನ ಹತ್ತಿರ ಒಂದು ಚೈನ್ ಸಾ, ಅಂದರೆ ಹಲ್ಲಿನ ಚೈನ್ ತಿರುಗಿಸಿ ಕೊಯ್ಯುವ ಪೆಟ್ರೋಲ್ ಗರಗಸ, ಇದೆ. ಅಕ್ಕಪಕ್ಕದ ತೋಟದವರೂ ಕೇಳಿ ಒಯ್ಯುತ್ತಾರೆ. "ಹೆಂಗೆ ನೋಡ್ಕೋಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಬರ್ದುಕೊಡು, ಮಿಷನ್ ಜೊತೆ ಕಳಿಸ್ತೀನಿ" ಅಂದರು. ಸುಲಭದ ಕೆಲಸ ಅಂದುಕೊಂಡೆ.

ಮೊದಲ ಹಾಳೆಯಲ್ಲಿ "ಹಲ್ಲು ಮೊಂಡಾದರೆ ಅರದಿಂದ ಉಜ್ಜಿ" ಎಂದು ಬರೆದಿದ್ದೆ. ಅರ ಅಂದರೆ ಫೈಲು, ಹಲ್ಲು ಸವೆಸಿ ಹರಿತ ಮಾಡುವ ಒರಟು ಉಕ್ಕಿನ ಕಡ್ಡಿ. ಓದಿದ ಹುಡುಗ ಪಾತ್ರೆ ಉಜ್ಜಿದ ಹಾಗೆ ಹಿಂದಕ್ಕೂ ಮುಂದಕ್ಕೂ ಉಜ್ಜಿಬಿಟ್ಟ. ಅವನನ್ನು ಬೈದು ಏನು ಪ್ರಯೋಜನ? ಉಜ್ಜೋದು ಅಂದರೆ ನಮಗೆಲ್ಲ ಹಾಗೇ ಅಲ್ವಾ? ಈ ಅರವನ್ನು ಒಂದೇ ಕಡೆಗೆ, ಹಲ್ಲಿನ ಒಳಗಿಂದ ಹೊರಕ್ಕೆ ತಳ್ಳಬೇಕು. ವಾಪಸ್ ತರುವಾಗ ಎತ್ತಿಕೊಳ್ಳಬೇಕು. ಎಲ್ಲ ಹಲ್ಲಿಗೂ ಅಷ್ಟಷ್ಟೇ ಸಲ, ಒಂದೇ ಓರೆಯಲ್ಲಿ. ಸಾಮಾನ್ಯವಾಗಿ 30 ಡಿಗ್ರಿ. ಒಂದು ಬದಿಯ ಹಲ್ಲು ಜಾಸ್ತಿ ಸವೆದರೆ ಮಿಷನ್ ಸೊಟ್ಟಗೆ ಕೊಯ್ಯುತ್ತದೆ. ಇಷ್ಟೆಲ್ಲ "ಉಜ್ಜಿ" ಅನ್ನುವುದರಲ್ಲಿ ಎಲ್ಲಿದೆ?

"ಸಾಣೆ ಹಿಡಿಯಿರಿ" ಅನ್ನೋಣ ಅಂದರೆ ಅದು ಮಚ್ಚು, ಕತ್ತರಿಗೆ ಸರಿ. ಕೇಳಿದ ತಕ್ಷಣ ತಿರುಗುವ ಕಲ್ಲೇ ಕಣ್ಣಿಗೆ ಬರುತ್ತದೆ. ನಮ್ಮಜ್ಜಿ "ಕಕ್ಕು ಹಾಕ್ಸು" ಅಂದರು. ನನಗೆ ಬಹಳ ಇಷ್ಟವಾದ ಪದ. ಕುಡುಗೋಲಿಗೆ ಕಕ್ಕು ಹಾಕಿಸುತ್ತಾರೆ, ಬೀಸುವ ಕಲ್ಲಿಗೂ ಹಾಕಿಸುತ್ತಾರೆ. ಆದರೆ ಅಲ್ಲಿ ಸವೆದ ಜಾಗದಲ್ಲಿ ಹೊಸದಾಗಿ ಕಚ್ಚು ಹೊಡೆಯುತ್ತಾರೆ. ಇಲ್ಲಿ ಇರುವ ಹಲ್ಲಿನ ಅಂಚನ್ನು ಹರಿತ ಮಾಡಬೇಕು ಅಷ್ಟೆ. ಕಕ್ಕು ಅಂತ ಬರೆದರೆ ಯಾರಾದರೂ ಉಳಿ ಸುತ್ತಿಗೆ ತಂದಾರು! ಸದ್ಯಕ್ಕೆ "ಅರ ಹಾಕಿ" ಅನ್ನುವುದಕ್ಕೆ ಬಂದು ನಿಂತಿದ್ದೇನೆ. ತಮಿಳು, ಮಲಯಾಳದಲ್ಲೂ ಇದು ಅರಂ.

ನಮ್ಮೂರಲ್ಲಿ ಇನ್ನೊಂದು ಪಜೀತಿ. ಅರ್ಧ ಊರು ತೆಲುಗು ಮಾತಾಡುತ್ತದೆ. ತೆಲುಗಿನಲ್ಲಿ ಗರಗಸಕ್ಕೆ ರಂಪಂ, ಅರಕ್ಕೆ ಆಕುರಾಯಿ. "ರಂಪ ತಗೊಂಡ್ ಬಾ" ಅಂದರೆ ಬರೀ ಕನ್ನಡ ಬಲ್ಲವರಿಗೆ ಜಗಳ ತಗೊಂಡು ಬಾ ಅಂದಂತೆ. ಆ ಮಿಷನ್ ಸದ್ದು ಕೇಳಿದವರಿಗೆ ಎರಡೂ ಒಂದೇ ಬಿಡಿ.

ಪ್ರತಿ ಹಲ್ಲಿನ ಮುಂದೆ ಒಂದು ಚಿಕ್ಕ ಉಬ್ಬು ಇರುತ್ತದೆ. ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕು ಅನ್ನುವುದನ್ನು ಅದೇ ನಿರ್ಧರಿಸುತ್ತದೆ. ಸಾಮಾನ್ಯ ಚೈನಿನಲ್ಲಿ ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ತಗ್ಗಿರಬೇಕು. ಎತ್ತರವಾದರೆ ಚಕ್ಕೆ ಬೀಳುವ ಬದಲು ರಾಗಿ ಹಿಟ್ಟಿನಂಥ ಪುಡಿ ಬೀಳುತ್ತದೆ. ಜಾಸ್ತಿ ತಗ್ಗಿಸಿದರೆ ಮಿಷನ್ ಅದುರಿ ಒದೆಯುತ್ತದೆ. ಮೆಕ್ಯಾನಿಕ್ ಇದನ್ನು ಬರೀ "ಅದು" ಅನ್ನುತ್ತಾರೆ. ಎತ್ತಿನ ಹಿಣಿಲಿನ ಹಾಗಿದೆ ಅಂತ ನಾನು "ಹಿಣಿಲು" ಅಂತ ಬರೆದೆ. ನಡೆಯುತ್ತದಾ?

ಕೊನೆಯದು ಈ ಒದೆಯುವ ವಿಷಯ. ಚೈನ್ ಸುತ್ತುವ ಉದ್ದನೆಯ ಪಟ್ಟಿಯ ಮೂತಿಯ ಮೇಲ್ಭಾಗ ಯಾವುದಕ್ಕಾದರೂ ತಗುಲಿದರೆ ಮಿಷನ್ ಕ್ಷಣದಲ್ಲಿ ಹಿಡಿದವರ ಕಡೆಗೇ ಏಳುತ್ತದೆ. ನಾನು "ಹಿಮ್ಮೆಟ್ಟುವಿಕೆ" ಅಂತ ಬರೆದಿದ್ದೆ. ಭಾವ ನಕ್ಕು "ಅದೇನು ಸೈನ್ಯಾನಾ?" ಅಂದರು. ಒದೆತ ಅಂದರೆ ಕೋವಿಯ ಹಾಗೆ ಭುಜಕ್ಕೆ ಅನ್ನಿಸುತ್ತದೆ. ಕೊನೆಗೆ "ಮೂತಿ ತಗುಲಿದರೆ ಮುಖಕ್ಕೆ ಎಗರುತ್ತದೆ, ಶುರು ಮಾಡುವ ಮುಂಚೆ ಬ್ರೇಕ್ ಹಿಡಿಯುತ್ತಾ ನೋಡಿ" ಎಂದು ಬರೆದೆ. ಉದ್ದವಾಯಿತು, ಆದರೆ ಹೆದರಿಕೆ ಹುಟ್ಟುತ್ತದೆ.

ಉಳಿದದ್ದಕ್ಕೆ ತಕರಾರಿಲ್ಲ. ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್, ಚೈನ್ ಆಯಿಲ್, ಏರ್ ಫಿಲ್ಟರ್, ಎಲ್ಲವೂ ಜನರ ಬಾಯಲ್ಲಿ ಇವೆ. ಪಟ್ಟಿಗೆ ಮಾತ್ರ ಮೆಕ್ಯಾನಿಕ್ "ಬಾರು" ಅನ್ನುತ್ತಾರೆ. ಚರ್ಮದ ಬಾರು ಇನ್ನೂ ನೆನಪಿರುವವರು ಗೊಂದಲ ಬೀಳುತ್ತಾರೇನೋ ಅಂತ ನಾನು ಪಟ್ಟಿ ಅಂತಲೇ ಬಿಟ್ಟೆ.

ತಿಪಟೂರು, ಗುಬ್ಬಿ ಕಡೆ ತೆಂಗಿನ ತೋಟ ಇರುವವರು ದಯವಿಟ್ಟು ಹೇಳಿ. ನಿಮ್ಮಲ್ಲಿ ಗರಗಸಕ್ಕೆ ಅರ ಹಾಕ್ತಾರಾ, ಹಿಡೀತಾರಾ, ಇಲ್ಲಾ ಬೇರೆ ಮಾತಿದೆಯಾ? ಆ ಉಬ್ಬಿಗೆ ಬಡಗಿಗಳ ಬಾಯಲ್ಲಿ ಹೆಸರಿದ್ದರೆ ನನ್ನ ಹಿಣಿಲನ್ನು ಸಂತೋಷವಾಗಿ ಹೊಡೆದುಹಾಕುತ್ತೇನೆ.